ವಾರ್ಡಿನಾಚೆಗೂ ಇದೆ ದಾದಿಯರ ದಾರಿ

ಬಾಗಲಕೋಟೆ: ನರ್ಸಿಂಗ್ ಮುಗಿಸಿದ ಮಗಳಿಗೆ ಮುಂದೇನು ಎಂದು ಕೇಳಿದರೆ ಈ ಭಾಗದ ಮನೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡೇ: ಸರಕಾರಿ ನೌಕರಿಗೆ ಅರ್ಜಿ ಹಾಕುವುದು, ಇಲ್ಲವೇ ಸಮೀಪದ ಖಾಸಗಿ ಆಸ್ಪತ್ರೆಯಲ್ಲಿ ಪಾಳಿ ದುಡಿಯುವುದು. ಎರಡೂ ಕೈಗೂಡದಿದ್ದರೆ ಪ್ರಮಾಣಪತ್ರ ಟ್ರಂಕಿನ ತಳ ಸೇರುತ್ತದೆ. ಮದುವೆಯ ಮಾತು ಆರಂಭವಾಗುತ್ತದೆ. ಸಾಲ ಮಾಡಿ ಕಟ್ಟಿದ ಶುಲ್ಕ, ವರ್ಷಗಟ್ಟಲೆ ಪಟ್ಟ ಶ್ರಮ ಹೀಗೆ ವ್ಯರ್ಥವಾಗಲು ಅವಕಾಶಗಳ ಕೊರತೆಯಷ್ಟೇ ಮಾಹಿತಿಯ ಕೊರತೆಯೂ ಕಾರಣ.

ಯಾರು ನೋಂದಾಯಿತ ದಾದಿ?

ಆಸ್ಪತ್ರೆಯಲ್ಲಿ ಸಮವಸ್ತ್ರ ಧರಿಸಿದವರನ್ನೆಲ್ಲ ‘ಸಿಸ್ಟರ್’ ಎಂದು ಕರೆಯುವುದು ರೂಢಿ. ಆದರೆ ಕಾನೂನಿನ ಲೆಕ್ಕವೇ ಬೇರೆ. ಮೂರು ವರ್ಷಗಳ ಜಿಎನ್‌ಎಂ ಡಿಪ್ಲೊಮಾ ಅಥವಾ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿ ಪಡೆದು, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ದಾಖಲಿಸಿದವರು ಮಾತ್ರ ನೋಂದಾಯಿತ ದಾದಿಯರು. ಎರಡು ವರ್ಷಗಳ ಎಎನ್‌ಎಂ ತರಬೇತಿಯ ನೋಂದಣಿ ಪ್ರತ್ಯೇಕ. ಪ್ರವೇಶ ಪಡೆಯುವ ಮುನ್ನ ಕಾಲೇಜಿಗೆ ಮಾನ್ಯತೆ ಇದೆಯೇ ಎಂಬುದನ್ನು ಪರಿಶೀಲಿಸುವುದು ಅಗತ್ಯ. ಮಾನ್ಯತೆ ಇಲ್ಲದ ಕಡೆ ಓದಿದರೆ ನೋಂದಣಿ ಇಲ್ಲ. ನೋಂದಣಿ ಇಲ್ಲದಿದ್ದರೆ ಮುಂದಿನ ಯಾವ ಬಾಗಿಲೂ ತೆರೆಯದು.

ಜಿಎನ್‌ಎಂ ಮಾಡಿದವರು ಅಲ್ಲಿಗೇ ನಿಲ್ಲಬೇಕಿಲ್ಲ. ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಗಿಸಿದರೆ ಅವರೂ ಪದವೀಧರರು.

ಆಸ್ಪತ್ರೆಯೊಳಗಿನ ವಿಶೇಷತೆಗಳು

ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಬ.ವಿ.ವ. ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಹಾಗೂ ಕುಮಾರೇಶ್ವರ ಆಸ್ಪತ್ರೆಯೂ ಇಲ್ಲಿಯೇ ಇವೆ. ಇಂತಹ ದೊಡ್ಡ ಆಸ್ಪತ್ರೆಗಳಲ್ಲಿ ದಾದಿಯ ಕೆಲಸ ಒಂದೇ ಬಗೆಯದಲ್ಲ. ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾ ಕೊಠಡಿ, ನವಜಾತ ಶಿಶು ಘಟಕ, ಡಯಾಲಿಸಿಸ್, ಕ್ಯಾನ್ಸರ್, ಹೃದ್ರೋಗ ಮತ್ತು ತುರ್ತು ಚಿಕಿತ್ಸೆ – ಪ್ರತಿಯೊಂದಕ್ಕೂ ಬೇರೆಯೇ ಪರಿಣತಿ ಬೇಕು. ಇವುಗಳಲ್ಲಿ ಹಲವು ವಿಷಯಗಳಿಗೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ.

ಆಸ್ಪತ್ರೆಗಳಲ್ಲಿ ಸೋಂಕು ಹರಡದಂತೆ ನಿಗಾ ವಹಿಸುವ ದಾದಿಯ ಹುದ್ದೆ ಇನ್ನೊಂದು. ಕೋವಿಡ್ ಬಳಿಕ ಇದರ ಮಹತ್ವ ಎಲ್ಲರಿಗೂ ಮನವರಿಕೆಯಾಗಿದೆ. ಮನೋರೋಗ ಶುಶ್ರೂಷೆಯೂ ಬೇಡಿಕೆಯ ಕ್ಷೇತ್ರ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿಯೂ ಇಂತಹ ದಾದಿಯರಿಗೆ ಸ್ಥಾನವಿದೆ. ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗ ಎಂಬುದು ಗಮನಾರ್ಹ.

ಊರಿಗೊಂದು ಅಗತ್ಯ

ಸ್ಥಳೀಯ ಅಗತ್ಯಗಳನ್ನು ನೋಡಿದರೆ ದಾದಿಯರ ಕಾರ್ಯಕ್ಷೇತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಕೆಂಪು ಗ್ರಾನೈಟಿಗೂ ಸೀರೆಗೂ ಹೆಸರಾದ ಇಳಕಲ್‌ನಲ್ಲಿ ಕಲ್ಲು ಕೊರೆಯುವವರ ಶ್ವಾಸಕೋಶಕ್ಕೆ ಸಿಲಿಕಾ ದೂಳಿನ ಅಪಾಯವಿದೆ. ಸಿಲಿಕೋಸಿಸ್ ತಗುಲಿದವರಿಗೆ ಕ್ಷಯ ಅಂಟುವ ಸಾಧ್ಯತೆಯೂ ಹೆಚ್ಚು. ಕುಣಿಮಗ್ಗದಲ್ಲಿ ದಿನವಿಡೀ ಕೂರುವ ನೇಕಾರರನ್ನು ಬೆನ್ನು, ಮಂಡಿ ಮತ್ತು ಕಣ್ಣಿನ ತೊಂದರೆಗಳು ಕಾಡುತ್ತವೆ. ಇದು ಔದ್ಯೋಗಿಕ ಆರೋಗ್ಯ ಶುಶ್ರೂಷೆಯ ಕ್ಷೇತ್ರ. 500ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಆಂಬುಲೆನ್ಸ್ ಕೊಠಡಿ, ಶುಶ್ರೂಷಾ ಸಿಬ್ಬಂದಿ ಇರಬೇಕೆಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯಷ್ಟು ಹಳೆಯದು. ಜಿಲ್ಲೆಯ ಸಕ್ಕರೆ, ಸಿಮೆಂಟ್ ಕಾರ್ಖಾನೆಗಳನ್ನು ಉದ್ಯೋಗಾಕಾಂಕ್ಷಿಗಳು ಈ ದೃಷ್ಟಿಯಿಂದಲೂ ಗಮನಿಸಬಹುದು. ಆದರೆ ಸಣ್ಣ ಕಲ್ಲುಗಣಿಯ ಕೂಲಿಕಾರನಿಗೂ ಮನೆಯಲ್ಲೇ ಮಗ್ಗ ಹೂಡಿದ ನೇಕಾರನಿಗೂ ಈ ರಕ್ಷಣೆ ದೊರೆಯದು. ಅವರ ಬಳಿಗೆ ತಲುಪಬೇಕಾದವರು ಸಮುದಾಯ ಆರೋಗ್ಯ ದಾದಿಯರೇ.

ಬಾದಾಮಿಯದು ಮತ್ತೊಂದು ಬಗೆ. ಗುಹಾಲಯಗಳ ಬಳಿ ಮಂಗ ಕಚ್ಚಿದವರಿಗೆ ರೇಬೀಸ್ ಲಸಿಕೆಯ ಎಲ್ಲ ಸುತ್ತುಗಳನ್ನೂ ಪೂರೈಸುವಂತೆ ನೋಡಿಕೊಳ್ಳುವುದು, ಬನಶಂಕರಿ ಜಾತ್ರೆಯ ಜನಸಂದಣಿಯಲ್ಲಿ ತುರ್ತು ಸೇವೆ ನೀಡುವುದು ದಾದಿಯರ ಹೊಣೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ಭಾಗದ ಹಳ್ಳಿಗಳು ಜಲಾವೃತವಾದದ್ದನ್ನು ಮರೆಯುವಂತಿಲ್ಲ. ಇಂತಹ ಸಂದರ್ಭಗಳಿಗೆ ಸಜ್ಜುಗೊಳಿಸುವ ವಿಪತ್ತು ಶುಶ್ರೂಷೆ ಇಂದು ಪ್ರತ್ಯೇಕ ವಿಷಯವಾಗಿ ಬೆಳೆದಿದೆ.

ಹುನಗುಂದದಂತಹ ತಾಲ್ಲೂಕಿನ ಹಳ್ಳಿಗಳಲ್ಲಿ ಹೊಸದಾಗಿ ತೆರೆದ ದಾರಿ ಸಮುದಾಯ ಆರೋಗ್ಯ ಅಧಿಕಾರಿಯದು. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆಯಡಿ ಆರಂಭವಾಗಿ, 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರು ಪಡೆದ ಕೇಂದ್ರಗಳನ್ನು ಮುನ್ನಡೆಸುವವರು ಇವರು. ಬಯಲು ಪ್ರದೇಶದಲ್ಲಿ ಸುಮಾರು 5,000 ಜನಸಂಖ್ಯೆಗೆ ಒಂದು ಉಪಕೇಂದ್ರವೆಂಬುದು ನಿಯಮ. ರಕ್ತದೊತ್ತಡ, ಮಧುಮೇಹದ ತಪಾಸಣೆಯಿಂದ ಹಿಡಿದು ವೈದ್ಯರೊಂದಿಗೆ ದೂರವಾಣಿ ಸಮಾಲೋಚನೆಯವರೆಗೆ ಇವರ ಹೊಣೆ ವಿಸ್ತರಿಸಿದೆ. ಹೊಣೆ ಸ್ವತಂತ್ರವಾದದ್ದಾದರೂ ನೇಮಕ ಗುತ್ತಿಗೆಯದು; ಸೇರುವ ಮುನ್ನ ಇದನ್ನು ತಿಳಿದಿರಬೇಕು.

ಬೋಧನೆ ಮತ್ತು ಉನ್ನತ ವ್ಯಾಸಂಗ

ಪಾಠ ಹೇಳುವ ಒಲವಿರುವವರಿಗೆ ಎರಡು ವರ್ಷಗಳ ಎಂ.ಎಸ್ಸಿ. ನರ್ಸಿಂಗ್ ಇದೆ. ವೈದ್ಯಕೀಯ-ಶಸ್ತ್ರಚಿಕಿತ್ಸೆ, ಪ್ರಸೂತಿ, ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಎಂಬ ಐದು ವಿಭಾಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ತೀವ್ರ ನಿಗಾ ಚಿಕಿತ್ಸೆಯಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷಗಳ ಸ್ನಾತಕೋತ್ತರ ಕೋರ್ಸೂ ಇದೆ. ಏಮ್ಸ್ ಸಂಸ್ಥೆಗಳು ನಾರ್ಸೆಟ್ ಪರೀಕ್ಷೆಯ ಮೂಲಕ ಶುಶ್ರೂಷಾಧಿಕಾರಿಗಳನ್ನು ನೇಮಿಸಿಕೊಳ್ಳುತ್ತವೆ. ಸೇನೆ ಹಾಗೂ ರೈಲ್ವೆಯಲ್ಲಿಯೂ ಹುದ್ದೆಗಳಿವೆ. ಇದು ಹೆಣ್ಣುಮಕ್ಕಳಿಗಷ್ಟೇ ಮೀಸಲಾದ ವೃತ್ತಿಯೂ ಅಲ್ಲ. ಯುವಕರೂ ಈ ಕ್ಷೇತ್ರಕ್ಕೆ ಬರುತ್ತಿದ್ದಾರೆ.

ವಿದೇಶದ ಆಸೆ, ಎಚ್ಚರಿಕೆಯ ಮಾತು

ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆ, ಬ್ರಿಟನ್ನಿಗೆ ಇಂಗ್ಲಿಷ್ ಭಾಷಾ ಪರೀಕ್ಷೆಯೊಂದಿಗೆ ವೃತ್ತಿಕೌಶಲದ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆಯ ಕಲಿಕೆ ಅನಿವಾರ್ಯ. ಕೊಲ್ಲಿ ರಾಷ್ಟ್ರಗಳಿಗೂ ಅವುಗಳದೇ ಪರೀಕ್ಷೆಗಳಿವೆ. ಹಣ ಕೊಟ್ಟರೆ ಪರೀಕ್ಷೆಯೇ ಬೇಡ ಎನ್ನುವ ದಲ್ಲಾಳಿಯ ಮಾತು ನಂಬತಕ್ಕದ್ದಲ್ಲ. ನೇಮಕಾತಿ ಏಜೆನ್ಸಿಯ ನೋಂದಣಿಯನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಿಯೇ ಮುಂದುವರಿಯುವುದು ಒಳಿತು.

ವ್ಯಾಸಂಗ ಮುಗಿದ ಬಳಿಕ ಒಂದೆರಡು ವರ್ಷ ಒಳ್ಳೆಯ ಆಸ್ಪತ್ರೆಯಲ್ಲಿ ದುಡಿದು, ತನಗೆ ಯಾವ ವಿಭಾಗ ಒಗ್ಗುತ್ತದೆ ಎಂಬುದನ್ನು ಅರಿತು ವಿಶೇಷತೆ ಆರಿಸಿಕೊಳ್ಳುವುದು ಜಾಣತನ. ಅಷ್ಟು ಕಾಲಾವಕಾಶವನ್ನು ಮಗಳಿಗೆ ನೀಡುವುದು ಮನೆಯವರ ಕೈಯಲ್ಲಿದೆ. ಟ್ರಂಕಿನಲ್ಲಿ ಉಳಿದ ಒಂದೊಂದು ಪ್ರಮಾಣಪತ್ರದಿಂದ ನಷ್ಟವಾಗುವುದು ಆ ಮನೆಗೆ ಮಾತ್ರವಲ್ಲ. ದಾದಿಗಾಗಿ ಕಾದಿರುವ ಇಳಕಲ್‌ನ ಕಲ್ಲುಕುಟಿಗನಿಗೂ, ಹುನಗುಂದದ ಬಾಣಂತಿಗೂ ಅದು ನಷ್ಟವೇ.