ಹೊಲಕ್ಕೆ ಬಂದ ವಿದ್ಯೆ

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟವರಿಗೆ ಹೆಬ್ಬಾಳದ ಕೆರೆಯೂ ಮೇಲುಸೇತುವೆಯೂ ಮೊದಲು ಕಣ್ಣಿಗೆ ಬೀಳುತ್ತವೆ. ಇದೇ ಹೆಬ್ಬಾಳದಲ್ಲಿ ಶತಮಾನಕ್ಕೂ ಹಿಂದೆ, ಬೇಸಾಯವನ್ನು ಪಾಠವಾಗಿ ಕಲಿಸುವ ಶಾಲೆಯೊಂದು ಹುಟ್ಟಿತೆಂಬುದನ್ನು ಬಲ್ಲವರು ವಿರಳ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರ ಕಾಲದಲ್ಲಿ, 1913ರಲ್ಲಿ, ಆರಂಭವಾದ ಆ ಶಾಲೆಯ ಜಾಗದಲ್ಲಿ 1946ರಲ್ಲಿ ಕೃಷಿ ಕಾಲೇಜು ಬಂದಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವೇ ಸ್ಥಾಪಿತವಾಯಿತು. ತಲೆತಲಾಂತರದಿಂದ ಉಳುತ್ತ ಬಂದವನಿಗೆ ಪಾಠವೇಕೆ ಎಂದು ನಕ್ಕವರೂ ಆಗ ಇದ್ದಿರಬೇಕು.

ಬಡತನಕ್ಕೆ ಸೋಮಾರಿತನವೇ ಕಾರಣವೆಂಬ ಮಾತು ಬಹಳ ಹಳೆಯದು. ಆ ಮಾತು ಬಡವನಿಗೆ ಮಾಡುವ ಅನ್ಯಾಯ. ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೋಡೋರ್ ಷುಲ್ಟ್ಸರು 1964ರಲ್ಲಿಯೇ ಪ್ರಕಟಿಸಿದ ಗ್ರಂಥವೊಂದರಲ್ಲಿ ಇದಕ್ಕೆ ಉತ್ತರವಿತ್ತರು. ಬಡ ರೈತನು ತನ್ನಲ್ಲಿರುವ ಸಾಧನಗಳನ್ನು ಜಾಣತನದಿಂದಲೇ ಬಳಸುತ್ತಾನೆ. ಸಾಧನಗಳೇ ಹಳೆಯವಾದುದರಿಂದ ಎಷ್ಟು ಬೆವರು ಸುರಿಸಿದರೂ ಫಲ ಹೆಚ್ಚುವುದಿಲ್ಲ. ಅವನಿಗೆ ಬೇಕಾದುದು ಉಪದೇಶವಲ್ಲ, ಹೊಸ ಬೀಜ, ಹೊಸ ತಿಳಿವಳಿಕೆ, ಅದನ್ನು ಬಳಸಬಲ್ಲ ಶಿಕ್ಷಣ. ಷುಲ್ಟ್ಸರು 1979ರಲ್ಲಿ ಆರ್ಥರ್ ಲೂಯಿಸರೊಡನೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ರಾಗಿಯ ಕಥೆ ಈ ಮಾತಿಗೆ ಒಳ್ಳೆಯ ನಿದರ್ಶನ. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆ ಮಳೆಯನ್ನೇ ನಂಬಿದ ಕೆಂಪು ನೆಲದಲ್ಲಿ ರಾಗಿಯೇ ಬಡವರ ಆಹಾರ. ಮಳೆ ಕೈಕೊಟ್ಟ ವರ್ಷ ಕಣಜ ಬರಿದು. ಕಣಜ ಬರಿದಾದರೆ ಸಾಲ. ಸಾಲ ಬೆಳೆದರೆ ಮಗುವನ್ನು ಶಾಲೆ ಬಿಡಿಸಿ ದನ ಕಾಯಲು ಕಳುಹಿಸುವುದು. ಆಗ ಇದೇ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ರಾಗಿಯ ತಳಿಗಳ ಮೇಲೆ ದೀರ್ಘಕಾಲ ಶ್ರಮಿಸಿದರು. ರಾಗಿಯ ಹೂವು ಬಲು ಸಣ್ಣದು. ತನ್ನ ಪರಾಗವನ್ನೇ ತಾನು ಸ್ವೀಕರಿಸುವಂಥದು. ಎರಡು ತಳಿಗಳನ್ನು ಕೂಡಿಸುವುದು ಸೂಜಿಯ ಮೊನೆಯ ಕೆಲಸ. ಅವರು ನಮ್ಮ ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿದರು. ಇಂಡಿಯ, ಆಫ್ರಿಕ ಎಂಬ ಎರಡು ಹೆಸರುಗಳೂ ಸೇರಿ ಹೊಸ ತಳಿಗಳಿಗೆ 'ಇಂಡಾಫ್' ಎಂದು ಹೆಸರಾಯಿತು. 1970ರ ದಶಕದಿಂದ ಇವು ಹೊಲಗಳನ್ನು ಸೇರಿದವು. ಅದೇ ನೆಲ ಹಿಂದಿಗಿಂತ ಹೆಚ್ಚು ಕಾಳು ಕೊಟ್ಟಿತು. ಜನರು ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು.

ವಿದ್ಯೆಯೊಂದೇ ಎಲ್ಲವನ್ನೂ ಮಾಡೀತೆಂದಲ್ಲ. ಭೂಮಿಯಿಲ್ಲದವನಿಗೆ ಒಳ್ಳೆಯ ಬೀಜದಿಂದೇನು? ಬೆಲೆ ಕುಸಿದರೆ ಹೆಚ್ಚಿದ ಫಸಲೂ ಹೊರೆಯಾದೀತು. ಆದರೂ ಓದಿದವನಿಗೆ ಹೊಲ ಬಿಟ್ಟು ಬೇರೆ ದಾರಿಗಳೂ ತೆರೆಯುತ್ತವೆ. ಲೋಕದ ವಯಸ್ಕರೆಲ್ಲರೂ ಪ್ರೌಢಶಿಕ್ಷಣವನ್ನು ಪೂರೈಸಿದರೆ ಸುಮಾರು 42 ಕೋಟಿ ಜನ ಬಡತನದಿಂದ ಪಾರಾಗಬಲ್ಲರೆಂದು ಯುನೆಸ್ಕೊ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತು.

ಬಿತ್ತನೆ ಬೀಜದ ಚೀಲದೊಡನೆ ತಳಿಯ ಹೆಸರು, ಬೀಜೋಪಚಾರದ ಕ್ರಮ, ಬಳಸಬೇಕಾದ ಅವಧಿ ಇವುಗಳನ್ನು ತಿಳಿಸುವ ಚೀಟಿ ಬರುತ್ತದೆ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಅದನ್ನು ಅಜ್ಜನಿಗೆ ಓದಿ ಹೇಳುವವಳು ಪ್ರೌಢಶಾಲೆಗೆ ಹೋಗುವ ಮೊಮ್ಮಗಳು.