ತಾಳಿ ಇಲ್ಲ, ಬೇರೆಯಾಗೋದು ಹೇಗೆ?

‘ಮದುವೆನೇ ಆಗಿಲ್ವಲ್ಲ, ಬಿಟ್ಟು ಹೋದ್ರೆ ಆಯ್ತು, ಅದಕ್ಕೇನು ಪಂಚಾಯ್ತಿ?’

ಹೀಗೆ ಹೇಳೋದು ಸುಲಭ. ಆದರೆ ಐದಾರು ವರ್ಷ ಒಂದೇ ಸೂರಿನಡಿ ಬಾಳಿದವರ ನಡುವೆ ಏನೇನಿರುತ್ತೆ, ಒಮ್ಮೆ ಲೆಕ್ಕ ಹಾಕಿ. ಬಾಡಿಗೆ ಮನೆಗೆ ಕೊಟ್ಟ ಅಡ್ವಾನ್ಸ್, ಆಕೆಯ ಸರ ಅಡವಿಟ್ಟು ತಂದ ಹಣ, ಅವನ ಹೆಸರಲ್ಲಿದ್ದು ಆಕೆ ಕಂತು ಕಟ್ಟುತ್ತಿರುವ ಸ್ಕೂಟರ್, ಸ್ವಸಹಾಯ ಸಂಘದ ಸಾಲ, ಚೀಟಿ ದುಡ್ಡು. ಎಲ್ಲಕ್ಕಿಂತ ಹೆಚ್ಚಾಗಿ, ಅಂಗನವಾಡಿಗೆ ಹೋಗೋ ಮಗು.

ಇದೆಲ್ಲ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಹುಡುಗಿಯರ ಕಥೆ ಅಂದ್ಕೋಬೇಡಿ. ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲಿ ‘ಲಿವಿಂಗ್ ಟುಗೆದರ್’ ಅನ್ನೋ ಹೆಸರು ಯಾರ ಬಾಯಲ್ಲೂ ಬರಲಿಕ್ಕಿಲ್ಲ. ಅಲ್ಲಿ ಕೇಳಿಸೋದು ‘ಇಟ್ಕೊಂಡಿದಾನೆ’ ಅನ್ನೋ ಮಾತು. ಆ ಮಾತಿನ ಕೆಸರು ಯಾವಾಗಲೂ ಹೆಣ್ಣಿಗೇ ಮೆತ್ತುತ್ತದೆ, ಗಮನಿಸಿದ್ದೀರಾ? ನಿಮ್ಮ ತಂಗಿಯೋ, ಮನೆಗೆಲಸಕ್ಕೆ ಬರುವಾಕೆಯೋ ಈ ಸ್ಥಿತಿಯಲ್ಲಿದ್ದರೆ ಮೊದಲು ಒಂದು ವಿಷಯ ವಿಚಾರಿಸಿ: ನಿಜಕ್ಕೂ ಮದುವೆ ಆಗಿಲ್ಲವಾ? ನಮ್ಮ ಕಡೆ ಅನೇಕ ಸಮುದಾಯಗಳಲ್ಲಿ ಕೂಡಿಕೆ, ಸೀರೆ ಉಡಿಕೆ ಪದ್ಧತಿ ಇದೆ. ಜಾತಿಯ ರೂಢಿಯಂತೆ ನಡೆದ ಮದುವೆಯನ್ನು 1955ರ ಹಿಂದೂ ವಿವಾಹ ಕಾಯ್ದೆ ಒಪ್ಪುತ್ತದೆ. ಇಬ್ಬರ ಹಿಂದಿನ ಸಂಬಂಧಗಳೂ ಕಾನೂನು ಪ್ರಕಾರ ಮುಗಿದಿದ್ದರೆ ಆಕೆ ಹೆಂಡತಿಯೇ. ರಿಜಿಸ್ಟರ್ ಆಗಿಲ್ಲ ಅನ್ನೋ ಒಂದೇ ಕಾರಣಕ್ಕೆ ಮದುವೆ ಬಿದ್ದುಹೋಗೋದಿಲ್ಲ.

ಮದುವೆಯೇ ಆಗಿಲ್ಲ ಅನ್ನಿ. ಆಗಲೂ ಕಾನೂನು ಪೂರ್ತಿ ಕೈಬಿಟ್ಟಿಲ್ಲ. 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ‘ಮದುವೆಯ ಸ್ವರೂಪದ ಸಂಬಂಧ’ವನ್ನೂ ಒಳಗೊಳ್ಳುತ್ತದೆ. ಆದರೆ ಸುಪ್ರೀಂ ಕೋರ್ಟ್ 2010ರಲ್ಲಿ ಇದಕ್ಕೆ ಗೆರೆ ಹಾಕಿತು: ಇಬ್ಬರೂ ಮದುವೆಗೆ ಅರ್ಹರಿರಬೇಕು, ಸಮಾಜದೆದುರು ದಂಪತಿಯಂತೆ ಸಾಕಷ್ಟು ಕಾಲ ಬಾಳಿರಬೇಕು. 2013ರಲ್ಲಿ ಬೆಂಗಳೂರಿನದೇ ಒಂದು ಪ್ರಕರಣದಲ್ಲಿ, ವಿವಾಹಿತ ಎಂದು ತಿಳಿದೇ ವರ್ಷಗಟ್ಟಲೆ ಜೊತೆಗಿದ್ದ ಮಹಿಳೆಗೆ ಮ್ಯಾಜಿಸ್ಟ್ರೇಟ್ ಕೊಡಿಸಿದ್ದ ತಿಂಗಳಿಗೆ 18,000 ರೂಪಾಯಿ ಸಿಗಲೇ ಇಲ್ಲ. ಹೈಕೋರ್ಟ್ ರದ್ದು ಮಾಡಿತ್ತು, ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ನೋಡಿ, ಸಂಧಾನದ ಬೆಲೆ ಗೊತ್ತಾಗೋದು ಇಲ್ಲೇ. ಕೋರ್ಟಿನಲ್ಲಿ ‘ನೀನು ಹೆಂಡತಿಯಂತೆ ಇದ್ದೆಯಾ?’ ಅನ್ನೋ ಪ್ರಶ್ನೆಯಲ್ಲೇ ವರ್ಷಗಳು ಕಳೆದುಹೋಗಬಹುದು. ಸಂಧಾನದ ಮೇಜಿನಲ್ಲಿ ಆ ಪ್ರಶ್ನೆ ಏಳಬೇಕಾಗೇ ಇಲ್ಲ. ಸರ ಬಿಡಿಸಿಕೊಡೋದು ಯಾರು, ಅಡ್ವಾನ್ಸ್ ಯಾರಿಗೆ, ಮಗು ಎಲ್ಲಿರುತ್ತೆ, ಅಪ್ಪ ಯಾವ ದಿನ ಬಂದು ನೋಡಬೇಕು, ಖರ್ಚಿಗೆ ಎಷ್ಟು... ಮಾತು ಇಷ್ಟೇ.

ಇದಕ್ಕೆ ಹೋಗಬೇಕಾದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ. ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿನಲ್ಲೇ ಇತ್ತು, ಪ್ರತ್ಯೇಕ ತಾಲ್ಲೂಕಾಗಿದ್ದು ಈಚೆಗೆ. ಯಾವ ಕಚೇರಿ ಅನ್ನೋ ಗೊಂದಲವಿದ್ದರೆ 15100ಕ್ಕೆ ಫೋನ್ ಮಾಡಿ ಕೇಳಿ. ಸಣ್ಣ ಊರು, ಎಲ್ಲರೂ ಗುರುತಿನವರು, ನೋಡಿದವರು ಏನಂದಾರು ಅನ್ನೋ ಮುಜುಗರ ಇದ್ದದ್ದೇ. ಅಂಥವರು ಚಿಕ್ಕಮಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲೂ ವಿಚಾರಿಸಬಹುದು. 1987ರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಈ ನೆರವು ಉಚಿತ. ಕೇಸು ಹಾಕಿರಲೇಬೇಕು ಅಂತಿಲ್ಲ, ಒಂದು ಅರ್ಜಿ ಸಾಕು. ಸಂಧಾನಕಾರರು ತೀರ್ಪು ಕೊಡೋದಿಲ್ಲ. ಇಬ್ಬರ ಮಾತನ್ನೂ, ಬೇಕಾದರೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಕೇಳುತ್ತಾರೆ. ಅಲ್ಲಿ ಆಡಿದ್ದು ಗುಟ್ಟಾಗಿರುತ್ತದೆ. ಊರ ಹಿರಿಯರ ಪಂಚಾಯ್ತಿಯಲ್ಲಿ ಈ ಸೌಕರ್ಯ ಎಲ್ಲಿದೆ ಹೇಳಿ! ಒಪ್ಪಂದ ಲೋಕ ಅದಾಲತ್ ಮುಂದೆ ದಾಖಲಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಮೇಲ್ಮನವಿ ಇಲ್ಲ, ಆದ್ದರಿಂದ ಸಹಿಗೆ ಮುಂಚೆ ಎರಡೆರಡು ಸಲ ಓದಿಸಿ ಕೇಳಿ.

ಮಗುವಿನ ವಿಷಯದಲ್ಲಂತೂ ಯಾವ ಅಳುಕೂ ಬೇಡ. ಅಪ್ಪ ಅಮ್ಮನಿಗೆ ಮದುವೆಯಾಗಿರಲಿ, ಬಿಡಲಿ, ಜೀವನಾಂಶ ಮಗುವಿನ ಹಕ್ಕು. ಹಳೆಯ 125ನೇ ಕಲಮು 2024ರ ಜುಲೈನಿಂದ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ, ಹಕ್ಕು ಹಾಗೇ ಇದೆ. ಹಿಂದೂ ಕಾನೂನಿನಲ್ಲಿ ಇಂಥ ಮಗುವಿಗೆ ಮೊದಲ ಪೋಷಕಿ ತಾಯಿಯೇ. ‘ಮುಂದೆ ಏನೂ ಕೇಳೋದಿಲ್ಲ’ ಅಂತ ಛಾಪಾ ಕಾಗದದ ಮೇಲೆ ಬರೆಸಿಕೊಳ್ಳುವವರಿದ್ದಾರೆ. ಮಗುವಿನ ಅನ್ನವನ್ನು ಹಾಗೆ ಬರೆದುಕೊಡೋಕೆ ತಾಯಿಗೂ ಅಧಿಕಾರವಿಲ್ಲ.

ಆದರೆ ಹೊಡೆತ, ಬೆದರಿಕೆ ಇದ್ದರೆ ಸಂಧಾನಕ್ಕೆ ಕೂರಲೇಬೇಡಿ. ಭಯಪಡುವವಳು ಎಲ್ಲಕ್ಕೂ ‘ಹೂಂ’ ಅಂದುಬಿಡುತ್ತಾಳೆ. ಮೊದಲು ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು ಕಾಣಿ, ಸಂರಕ್ಷಣಾಧಿಕಾರಿಯೂ ಅವರೇ. 181 ಸಹಾಯವಾಣಿ ಇದೆ, ತುರ್ತಿಗೆ 112.

ಹೋಗುವಾಗ ಅಡ್ವಾನ್ಸ್ ಕೊಟ್ಟ ಕರಾರು, ಚಿನ್ನ ಅಡವಿಟ್ಟ ಚೀಟಿ, ಪಾಸ್‌ಬುಕ್, ಕಂತು ಕಟ್ಟಿದ ರಸೀದಿ, ಮಗುವಿನ ಜನನ ಪ್ರಮಾಣಪತ್ರ ಜೊತೆಗಿರಲಿ. ಎಲ್ಲದರ ಜೆರಾಕ್ಸ್ ಕೊಡಿ. ಅಸಲು ಪ್ರತಿಗಳು ತವರುಮನೆಯ ಬೀರುವಿನಲ್ಲೇ ಇರಲಿ.