ಯೂರಿಕ್ ಆಮ್ಲವೂ ಮೂತ್ರಪಿಂಡದ ಬಾಗಿಲುಗಳೂ

ಯೂರಿಕ್ ಆಮ್ಲ ಎಂದೊಡನೆ ಹೆಬ್ಬೆರಳಿನ ಬುಡ ಊದಿಸಿ ನೋಯಿಸುವ ಗೌಟ್ ರೋಗ ನೆನಪಾಗುತ್ತದೆ. ಇಲ್ಲವೇ ಮೂತ್ರಪಿಂಡದ ಕಲ್ಲು. ಎರಡಕ್ಕೂ ಕಾರಣ ಅದರ ಹರಳುಗಳು. ಆದರೆ ಹರಳುಗಟ್ಟುವ ಮೊದಲೇ, ಕರಗಿದ ಸ್ಥಿತಿಯಲ್ಲಿಯೇ, ಅದು ಮೂತ್ರಪಿಂಡದ ಜೀವಕೋಶಗಳ ಪ್ರೋಟೀನುಗಳನ್ನು ಕಾಡಬಲ್ಲದೆಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.

ನ್ಯೂಕ್ಲಿಯಿಕ್ ಆಮ್ಲಗಳ ಭಾಗವಾದ ಪ್ಯೂರೀನ್ ಒಡೆದಾಗ ನಮ್ಮಲ್ಲಿ ಕೊನೆಗೆ ಉಳಿಯುವುದು ಯೂರಿಕ್ ಆಮ್ಲ. ಬಹುತೇಕ ಸಸ್ತನಿಗಳು ಯೂರಿಕೇಸ್ ಎಂಬ ಕಿಣ್ವದಿಂದ ಅದನ್ನೂ ಒಡೆಯುತ್ತವೆ. ಮನುಷ್ಯನಲ್ಲಿ ಆ ಕಿಣ್ವದ ಜೀನು ಕೆಟ್ಟು ಲಕ್ಷಾಂತರ ವರ್ಷಗಳೇ ಕಳೆದಿವೆ. ನಾಯಿಬೆಕ್ಕುಗಳಿಗಿರುವ ಸೌಕರ್ಯ ನಮಗಿಲ್ಲ! ಹೀಗಾಗಿ ಅದನ್ನು ಹೊರಹಾಕುವ ಹೊಣೆಯಲ್ಲಿ ಸುಮಾರು ಮೂರನೇ ಎರಡು ಪಾಲು ಮೂತ್ರಪಿಂಡಗಳದ್ದು.

ವಿಚಿತ್ರವೆಂದರೆ, ಸೋಸಿದ ಯೂರಿಕ್ ಆಮ್ಲದ ಸುಮಾರು ಶೇಕಡ 90ರಷ್ಟನ್ನು ಮೂತ್ರಪಿಂಡದ ಸೂಕ್ಷ್ಮನಾಳಗಳು ಮತ್ತೆ ರಕ್ತಕ್ಕೇ ಮರಳಿಸುತ್ತವೆ. ನಾಳದ ಗೋಡೆಯ ಜೀವಕೋಶವನ್ನು ಎರಡು ಬಾಗಿಲಿನ ಕೋಣೆ ಎಂದುಕೊಳ್ಳಿ. ಮೂತ್ರದ ಕಡೆಯ ಬಾಗಿಲು ಯುರಾಟ್-1 ಎಂಬ ಪ್ರೋಟೀನು. ಜಪಾನಿನ ವಿಜ್ಞಾನಿಗಳು ಇದನ್ನು 2002ರಲ್ಲಿ ಗುರುತಿಸಿದರು. ರಕ್ತದ ಕಡೆಯದು ಗ್ಲೂಟ್-9. ಒಂದರಿಂದ ಒಳಬಂದು ಮತ್ತೊಂದರಿಂದ ಹೊರಡುವ ನಡುವೆ ಆಮ್ಲವು ಕೋಣೆಯೊಳಗೇ ಇರಬೇಕಷ್ಟೆ! ಪ್ರಮಾಣ ಮಿತಿಮೀರಿದಾಗ ತೊಂದರೆ ಶುರುವಾಗುವುದು ಅಲ್ಲಿಯೇ.

ರಕ್ತದಲ್ಲಿ ಯೂರಿಕ್ ಆಮ್ಲ ಉತ್ಕರ್ಷಣವನ್ನು ತಡೆಯುವ ಸಭ್ಯ ವಸ್ತು. ಕೋಶದೊಳಗೆ ಅದರ ನಡತೆ ತಿರುಗುಮುರುಗು. ಅಲ್ಲಿ ಅದು ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಕೆರಳಿಸುತ್ತದೆ. ಇದರಿಂದ ಹುಟ್ಟುವ ಉಗ್ರ ಆಕ್ಸಿಜನ್ ರೂಪಗಳು ಪ್ರೋಟೀನುಗಳನ್ನು ಘಾಸಿಗೊಳಿಸುತ್ತವೆ. ಅಕ್ಕಪಕ್ಕದ ಕೋಶಗಳನ್ನು ಗಾರೆಯಂತೆ ಬೆಸೆದಿಡುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು, ಯೂರಿಕ್ ಆಮ್ಲ ಹೆಚ್ಚಿಸಿದ ಇಲಿಗಳ ಮೂತ್ರಪಿಂಡದಲ್ಲಿ ಕಡಿಮೆಯಾದದ್ದು ಕಂಡುಬಂದಿದೆ. ಬೆಸುಗೆ ಸಡಿಲಿದ ಕೋಶಗಳು ತಮ್ಮ ಸ್ವರೂಪವನ್ನು ಕಳೆದುಕೊಂಡು ನಾರಿನ ಅಂಗಾಂಶಕ್ಕೆ ದಾರಿಮಾಡುತ್ತವೆ. ನಾರು ತುಂಬಿದೆಡೆ ಮೂತ್ರಪಿಂಡದ ಕೆಲಸ ನಡೆಯದು.

ಹಾಗಾದರೆ ಔಷಧಿಯಿಂದ ಆಮ್ಲವನ್ನು ಇಳಿಸಿದರೆ ಮೂತ್ರಪಿಂಡ ಉಳಿದೀತೇ? ತರ್ಕ ಹೌದೆನ್ನುತ್ತದೆ. ಆದರೆ 2020ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ ಅಲೊಪ್ಯೂರಿನಾಲ್ ಸೇವಿಸಿದ ರೋಗಿಗಳ ಯೂರಿಕ್ ಆಮ್ಲ ಇಳಿಯಿತೇ ಹೊರತು ಮೂತ್ರಪಿಂಡದ ಕ್ಷೀಣತೆ ನಿಧಾನವಾಗಲಿಲ್ಲ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೆ ಅನ್ವಯಿಸದು. ಗೌಟ್ ಇರುವ ಹಲವರಿಗೆ ಈ ಔಷಧಿ ಅಗತ್ಯವೇ. ಆದರೆ ಮನೆಯಲ್ಲಿ ಯಾರದಾದರೂ ರಕ್ತಪರೀಕ್ಷೆಯಲ್ಲಿ ಅಂಕಿ ಹೆಚ್ಚಿದೆಯೆಂದ ಮಾತ್ರಕ್ಕೆ, ವೈದ್ಯರನ್ನು ಕೇಳದೆ ಮಾತ್ರೆ ನುಂಗಿಸುವುದು ಸರಿಯಲ್ಲ.

ಇನ್ನೂ ಒಂದು ಸೋಜಿಗವಿದೆ. ಯುರಾಟ್-1 ಬಾಗಿಲು ಹುಟ್ಟಿನಿಂದಲೇ ಕೆಟ್ಟಿರುವವರು ಜಪಾನಿನಲ್ಲಿ ಅನೇಕರಿದ್ದಾರೆ. ಅವರ ರಕ್ತದಲ್ಲಿ ಯೂರಿಕ್ ಆಮ್ಲ ಅತ್ಯಲ್ಪ. ಆದರೂ ಬಿರುಸಿನ ಓಟದಂಥ ವ್ಯಾಯಾಮದ ನಂತರ ಅವರಲ್ಲಿ ಕೆಲವರ ಮೂತ್ರಪಿಂಡಗಳು ಹಠಾತ್ತನೆ ಕೈಕೊಡುತ್ತವೆ.